ಚೌಕ ಪಿನ್ನಿನ ಲ್ಯಾಪ್‌ಟಾಪ್

ಕಳೆದ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಕಾಪುವಿನ ನನ್ನ ಮನೆಯಲ್ಲಿ, ಲ್ಯಾಪ್‌ಟಾಪಿನ ಗುಂಡಿ ಒತ್ತಿ ಚಹಾ ಮಾಡಲು ಒಳಗೆ ಹೋದೆ. ಚಹಾ ಕುದಿಯಿತು. ಸೋಸಿದೆ, ಕುಡಿದೆ, ಲೋಟ ತೊಳೆದಿಟ್ಟೆ. ಹಿಂತಿರುಗಿ ಬಂದಾಗ ಪರದೆಯ ನಡುವೆ ಬಿಳಿ ಚುಕ್ಕೆಗಳು ಇನ್ನೂ ಸುತ್ತು ಹಾಕುತ್ತಿದ್ದವು.

ಘಟನೆ ಇಷ್ಟೇ. ಉಡುಪಿಯ ಒಂದು ದಿನಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದು ನಿವೃತ್ತಳಾದವಳು ನಾನು. ಈಗಲೂ ವಾರಕ್ಕೊಂದು ಅಂಕಣ ಬರೆಯುತ್ತೇನೆ, ಊರಿನ ಶಾಲೆಗಳ, ಸಂಘಗಳ ಸ್ಮರಣ ಸಂಚಿಕೆಗಳನ್ನು ತಿದ್ದಿಕೊಡುತ್ತೇನೆ. ಅದಕ್ಕೆಲ್ಲ ಇರುವುದು ಇದೊಂದೇ ಯಂತ್ರ. ನನಗೆ ಕೆಲಸ ಕಲಿಸಿದ ಸುದ್ದಿ ಸಂಪಾದಕರು ಹೊಸಬರ ಮೇಜಿನ ಮುಂದೆ ನಿಂತು ಒಂದು ಮಾತು ಹೇಳುತ್ತಿದ್ದರು: “ಸಂಗತಿ ನೀನು ಬರೆ. ಅಯ್ಯೋ ಅನ್ನುವ ಕೆಲಸ ಓದುವವರಿಗೆ ಬಿಡು.” ಆದ್ದರಿಂದ ಅಯ್ಯೋ ಅನ್ನಲಿಲ್ಲ. ಎರಡನೇ ಚಹಾ ಮಾಡಲು ಹೋದೆ.

ಈ ಲ್ಯಾಪ್‌ಟಾಪಿನ ಪರಿಚಯ ಮಾಡಿಕೊಡಬೇಕು. ಹತ್ತು ವರ್ಷಕ್ಕೂ ಹಿಂದೆ ನನ್ನ ತಮ್ಮ ಆಲ್ವಿನ್ ಕುವೈತಿನಿಂದ ರಜೆಯಲ್ಲಿ ಬಂದಾಗ ತಂದುಕೊಟ್ಟದ್ದು. ಅದರ ಕೀಲಿಗಳ ಎಡಬದಿಗೆ ಇಂಗ್ಲಿಷ್ ಅಕ್ಷರ, ಬಲಬದಿಯ ಮೂಲೆಗೆ ಅರಬ್ಬಿ ಅಕ್ಷರ. ನಾನು ಬರೆಯುವುದು ಕನ್ನಡ. ಬೆರಳು ಬಿದ್ದು ಬಿದ್ದು ಇಂಗ್ಲಿಷ್ ಅಳಿಸಿಹೋಗಿದೆ. ಮೂಲೆಯಲ್ಲಿ ತನ್ನಷ್ಟಕ್ಕೆ ಕುಳಿತ ಅರಬ್ಬಿ ಹಾಗೆಯೇ ಉಳಿದಿದೆ. ಹೊಸದಾಗಿ ಮನೆಗೆ ಬಂದವರು ಅದನ್ನು ನೋಡಿ ನನ್ನನ್ನೊಮ್ಮೆ ನೋಡುತ್ತಾರೆ. ಪಕ್ಕದ ಮನೆಯ ಜಮೀಲಾಳ ಅತ್ತೆ ಬದುಕಿದ್ದಾಗ ಒಂದು ಸಂಜೆ ಬಂದು, ಕನ್ನಡಕ ಏರಿಸಿ, ಕೀಲಿಗಳನ್ನು ಒಂದೊಂದಾಗಿ ಓದಿದ್ದರು. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಲಿತ ಅಕ್ಷರಗಳು. “ಎಲ್ಲ ಉಂಟು, ಆದರೆ ಸಾಲು ತಪ್ಪಿದೆ,” ಎಂದರು. “ಯಾರು ಜೋಡಿಸಿದ್ದು ಇದನ್ನು? ನಮ್ಮ ಉಸ್ತಾದರಾಗಿದ್ರೆ ಬೆತ್ತ ತೆಗೀತಿದ್ರು.”

ಚಾರ್ಜರಿನ ಪ್ಲಗ್ಗಿಗೆ ಮೂರು ದಪ್ಪ ಚೌಕ ಪಿನ್ನುಗಳು. ನಮ್ಮ ಮನೆಗಳ ಗೋಡೆಯ ತೂತುಗಳು ದುಂಡು.

ಕರಾವಳಿಯಲ್ಲಿ ಬೆಳೆದವರಿಗೆ ಈ ಚೌಕ ಪಿನ್ನಿನ ಕಷ್ಟ ವಿವರಿಸಬೇಕಾಗಿಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ಸೋದರಮಾವ ಬಹ್ರೈನಿನಲ್ಲಿದ್ದರು. ಅವರು ಬಂದ ದಿನ ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆ ಕೂರುತ್ತಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಅವರ ಹೆಸರು, ಊರು, ಸುತ್ತ ನೈಲಾನ್ ಹಗ್ಗ. ಹಗ್ಗ ಕತ್ತರಿಸಲು ಅಜ್ಜಿ ಬಿಡುತ್ತಿರಲಿಲ್ಲ. ಬಾವಿಗೆ ಆಗುತ್ತದೆ ಎಂಬ ಲೆಕ್ಕ. ಗಂಟುಗಳೋ, ಸಮುದ್ರದಾಚೆಯ ಯಾವನೋ ಗಟ್ಟಿಮುಟ್ಟು ಮನುಷ್ಯ ಮಂಡಿಯೂರಿ ಬಿಗಿದವು. ಅವು ಬಿಚ್ಚುವವರೆಗೆ ಮನೆಮಂದಿಯೆಲ್ಲ ಸುತ್ತ ಕೂತು ಕಾಯಬೇಕು. ಕೊನೆಗೂ ಮುಚ್ಚಳ ತೆರೆದಾಗ ಬರುವ ವಾಸನೆಯೊಂದಿತ್ತು: ಸಾಬೂನು, ಪೌಡರು, ಕಿತ್ತಳೆ ಶರಬತ್ತಿನ ಪುಡಿ, ಹೊಸ ಬಟ್ಟೆ, ಎಲ್ಲ ಸೇರಿದ್ದು. ನಾವು ಅದನ್ನು ಮಾವನ ವಾಸನೆ ಎಂದೇ ತಿಳಿದಿದ್ದೆವು. ಮಾವನಿಗೆ ನಿಜವಾಗಿ ಬೀಡಿಯ ವಾಸನೆ ಇತ್ತು.

ಒಂದು ವರ್ಷ ಆ ಪೆಟ್ಟಿಗೆಯಿಂದ ಟೇಪ್ ರೆಕಾರ್ಡರ್ ಬಂತು. ನೆರೆಹೊರೆಯವರು ಬಂದು ನೋಡಿದರು, ಮುಟ್ಟಿದರು, ಹೊಗಳಿದರು. ಹಾಡಿಸಲು ಮಾತ್ರ ಆಗಲಿಲ್ಲ. ಪ್ಲಗ್ಗು ಗೋಡೆಗೆ ಹಿಡಿಸಲಿಲ್ಲ. ಅಷ್ಟು ದೂರದಿಂದ ಅಷ್ಟು ಭಾರ ಹೊತ್ತು ತಂದ ಮಾವ ಪಿನ್ನಿನ ಆಕಾರವೊಂದನ್ನು ಯೋಚಿಸಿರಲಿಲ್ಲ. ನಮ್ಮ ಊರಿನಲ್ಲಿ ಎಷ್ಟೋ ಮಾವಂದಿರು ಯೋಚಿಸಿರಲಿಲ್ಲ. ಇಸ್ತ್ರಿಪೆಟ್ಟಿಗೆಗಳು, ಮಿಕ್ಸಿಗಳು ಕಪಾಟಿನ ಗಾಜಿನ ಹಿಂದೆ ದೇವರ ಸಾಲಿನಲ್ಲಿ ಕೂತು ವರ್ಷ ಕಳೆದವು. ನಮ್ಮ ಟೇಪು ಒಂದು ವಾರ ಹಾಗೆ ಕೂತಿತು. ಆಮೇಲೆ ಆಲ್ವಿನ್ ಪ್ಲಗ್ಗನ್ನೇ ಕತ್ತರಿಸಿ ಎಸೆದು, ವಯರಿನ ತುದಿ ಬಿಡಿಸಿ, ತೂತುಗಳಿಗೆ ತುರುಕಿ, ಬೆಂಕಿಕಡ್ಡಿ ಒತ್ತಿ ನಿಲ್ಲಿಸಿದ. ಟೇಪು ಹಾಡಿತು. ಅಜ್ಜಿ ಓಡಿಬಂದು ಅವನ ಬೆನ್ನಿಗೆ ಒಂದು ಕೊಟ್ಟರು. ಕೊಟ್ಟು, ಹಾಡು ಮುಗಿಯುವವರೆಗೆ ಅಲ್ಲೇ ಕೂತು ಕೇಳಿದರು.

ಗಲ್ಫಿನ ವಸ್ತುಗಳಿಗೆ ಇನ್ನೊಂದು ನಿಯಮವಿತ್ತು. ಪ್ಲಾಸ್ಟಿಕ್ ಕವರು ತೆಗೆಯಬಾರದು. ಅಂಥದ್ದನ್ನೆಲ್ಲ ನಾನು ಒಂದು ಅಂಕಣದಲ್ಲಿ ತಮಾಷೆ ಮಾಡಿದ್ದೇನೆ. ಆ ಅಂಕಣವನ್ನು ಬರೆದ ಲ್ಯಾಪ್‌ಟಾಪಿನ ಮುಚ್ಚಳದ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ, ತಾನಾಗಿ ಸಿಪ್ಪೆಯೆದ್ದು ಬೀಳುವವರೆಗೆ, ಅಲ್ಲೇ ಇತ್ತು.

ತಂದುಕೊಟ್ಟವನು ರಜೆಯಲ್ಲಿ ಬಂದಾಗ ಅವನು ಕೊಟ್ಟದ್ದೆಲ್ಲ ಕಣ್ಣಿಗೆ ಬೀಳುವಂತೆ ಇಡುವುದು ನಮ್ಮ ಕಡೆಯ ಮರ್ಯಾದೆ. ಕಂಬಳಿ ಹಾಸುತ್ತೇವೆ, ಪಿಂಗಾಣಿ ಹೊರಗೆ ತೆಗೆಯುತ್ತೇವೆ. ಆಲ್ವಿನ್ ಬಂದಾಗ ನಾನು ಏನೂ ತೆಗೆದಿಡಬೇಕಾಗಿರಲಿಲ್ಲ. ಲ್ಯಾಪ್‌ಟಾಪ್ ಸದಾ ಜಗಲಿಯ ಮೇಜಿನ ಮೇಲೆ ಇರುತ್ತಿತ್ತು. ಒಂದು ಸಲದ ರಜೆಯಲ್ಲಿ ಅವನು, ನಾನು ಪ್ಲಗ್ಗಿಗೆ ಸಿಕ್ಕಿಸುತ್ತಿದ್ದ ಅಡಾಪ್ಟರ್ ಸಡಿಲವಾಗಿ ಕಿಡಿ ಹಾರುವುದನ್ನು ಕಂಡು, ಪೆಟ್ಟಿಗೆಯಿಂದ ಒಂದು ಚೌಕ ಪಿನ್ನಿನ ಬೋರ್ಡು ತೆಗೆದು ಜಗಲಿಯ ಗೋಡೆಗೇ ಕೂರಿಸಿದ. ಕುವೈತಿನಿಂದ ಅಂಥವು ಒಂದು ಡಬ್ಬ ತುಂಬ ತಂದಿದ್ದ. ಜಮೀಲಾ ಬೇಲಿಯಾಚೆಯಿಂದ ನೋಡಿ ಕೇಳಿದಳು: “ಅಕ್ಕ, ನಿಮ್ಮ ಗೋಡೆಗೂ ವೀಸಾ ಸಿಕ್ಕಿತಾ?”

ಈ ವರ್ಷ ಈಸ್ಟರ್ ಕಳೆದ ಮೇಲೆ ಆಲ್ವಿನ್ ಬಂದದ್ದು ರಜೆಯಲ್ಲಲ್ಲ. ಅವನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಏಸಿ ರಿಪೇರಿ ಮಾಡಿದ ಕಂಪೆನಿ ಮುಚ್ಚಿತ್ತು. ಐವತ್ತು ದಾಟಿದ ಮೆಕ್ಯಾನಿಕ್‌ಗೆ ಇನ್ನೊಂದು ಕಂಪೆನಿ ಅಲ್ಲಿ ಸಿಗಲಿಲ್ಲ. ಕಾರ್ಕಳದಲ್ಲಿ, ಆನೆಕೆರೆಯ ಹತ್ತಿರ, ಅವನ ಹೆಂಡತಿ ಜಸಿಂತಾ ಕಟ್ಟಿಸಿ ನೋಡಿಕೊಂಡ ಮನೆ ಉಂಟು. ಅಲ್ಲಿಗೆ ಬಂದ.

ಗಲ್ಫಿನಿಂದ ಬಂದವನಿಗೆ ನಮ್ಮಲ್ಲಿ ಎರಡು ಪ್ರಶ್ನೆಗಳು ಜೋಡಿಯಾಗಿ ಬರುತ್ತವೆ: “ಯಾವಾಗ ಬಂದದ್ದು? ಯಾವಾಗ ಹೋಗುದು?” ಕೇಳುವವರಿಗೆ ಅದರಲ್ಲಿ ಏನೂ ಇಲ್ಲ, ಊಟ ಆಯ್ತಾ ಎಂದ ಹಾಗೆ. ಆಲ್ವಿನ್ ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದಕ್ಕೆ ನಗುತ್ತಿದ್ದ. ಮೇ ತಿಂಗಳಲ್ಲಿ ನಗುವುದನ್ನು ಬಿಟ್ಟು, ಪೇಟೆಗೆ ಹೋಗುವುದನ್ನು ಕಡಿಮೆ ಮಾಡಿದ ಎಂದು ಜಸಿಂತಾ ಫೋನಿನಲ್ಲಿ ತಿಳಿಸಿದಳು. ಆಮೇಲೆ ಒಂದು ದಿನ, “ಮಣಿಪಾಲಕ್ಕೆ ಹೋಗ್ತಾ ಇದ್ದಾರೆ, ಲ್ಯಾಪ್‌ಟಾಪ್ ರಿಪೇರಿ ಕಲೀಲಿಕ್ಕೆ,” ಎಂದಳು.

ಮಣಿಪಾಲದ ಒಂದು ಕಟ್ಟಡದ ಮಹಡಿಯಲ್ಲಿ ಅಂಥ ತರಗತಿ ನಡೆಯುತ್ತದೆ. ಮೊದಲ ದಿನ ಆಲ್ವಿನ್ ಇಸ್ತ್ರಿ ಹಾಕಿದ ಶರಟು ತೊಟ್ಟು ಮೆಟ್ಟಿಲು ಹತ್ತಿದಾಗ ಬಾಗಿಲ ಬಳಿ ಕೂತ ಹುಡುಗಿ ಎದ್ದು ನಿಂತು ಹೇಳಿದಳಂತೆ: “ಅಂಕಲ್, ಪೇರೆಂಟ್ಸ್ ಮೀಟಿಂಗ್ ಇವತ್ತಲ್ಲ.” ಇದನ್ನು ನನಗೆ ಹೇಳಿ ನಕ್ಕವನು ಆಲ್ವಿನ್ ತಾನೇ. ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತನಂತೆ. ಕಣ್ಣಿಗೆ ಕಾಣದೆ ಮರುದಿನ ಮೊದಲ ಬೆಂಚಿಗೆ ಬಂದನಂತೆ. ಅವನ ಮಗಳಿಗಿಂತ ಚಿಕ್ಕವರ ನಡುವೆ ಕೂತು, ತಿಳಿಯದ್ದನ್ನು ಕೈಯೆತ್ತಿ ಕೇಳುತ್ತಿದ್ದ. ನಾನು ವೃತ್ತಿಯಲ್ಲಿ ಬಹಳಷ್ಟು ಸನ್ಮಾನ ಸಮಾರಂಭಗಳನ್ನು ವರದಿ ಮಾಡಿದ್ದೇನೆ. ಐವತ್ತು ದಾಟಿದವರೊಬ್ಬರು ಸಾರ್ವಜನಿಕವಾಗಿ “ನನಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ” ಎಂದದ್ದನ್ನು ವರದಿ ಮಾಡಿದ ನೆನಪಿಲ್ಲ.

ಚುಕ್ಕೆಗಳು ಸುತ್ತಿದ ಆ ಸೋಮವಾರದ ಸಂಜೆ ಆಲ್ವಿನ್ ಮಣಿಪಾಲದಿಂದ ನೇರ ಕಾಪುವಿಗೆ ಬಂದ. ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಅಕ್ಕ ಎನ್ನುವುದಕ್ಕೆ ಅವನು ಹೇಳುವ ‘ಬಾಯೆ’ಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

“ಬಾಯೆ, ಇದನ್ನು ನನಗೆ ಕೊಡು. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅಂತ ವೇಗದ ಡಿಸ್ಕ್ ಹಾಕ್ತೇನೆ. ರ‍್ಯಾಮ್ ಹೆಚ್ಚಿಸ್ತೇನೆ, ಬ್ಯಾಟರಿ ಬದಲಿಸ್ತೇನೆ. ಓಡ್ತದೆ.”

“ಪರಿಶೀಲಿಸ್ತೇನೆ,” ಎಂದೆ.

“ಎಂತ ಪರಿಶೀಲನೆ? ನೀನು ಜಿಲ್ಲಾಧಿಕಾರಿಯಾ?”

“ಹೊಸತು ತೆಗೆದುಕೊಳ್ಳುದಾ, ಇದಕ್ಕೆ ಖರ್ಚು ಮಾಡುದಾ ಅಂತ ನೋಡ್ಬೇಕಲ್ಲ.”

ಅವನು ಸ್ವಲ್ಪ ಹೊತ್ತು ಲ್ಯಾಪ್‌ಟಾಪಿನ ಮುಚ್ಚಳ ಸವರಿದ. ಆಮೇಲೆ ಹೇಳಿದ: “ಮುಂಬಯಿ ಏಜೆಂಟಿನ ಫೋನು ಬಂದಿತ್ತು. ದೋಹಾದಲ್ಲಿ ಒಂದು ಸ್ಟೋರಿಗೆ ಜನ ಬೇಕಂತೆ. ಪೆಟ್ಟಿಗೆ ಎತ್ತಿ ಇಡುದು, ಇಳಿಸುದು. ಜುಲೈ ಕೊನೆಯೊಳಗೆ ಪಾಸ್‌ಪೋರ್ಟ್ ಕಳಿಸ್ಬೇಕು.”

“ಜಸಿಂತಾ ಎಂತ ಹೇಳ್ತಾಳೆ?”

“ಅವಳು ಎಂತದೂ ಹೇಳುದಿಲ್ಲ. ಅಡುಗೆ ಮಾತ್ರ ಜಾಸ್ತಿ ಒಳ್ಳೆದು ಮಾಡ್ತಾಳೆ.” ಮತ್ತೆ ಹೇಳಿದ: “ಕ್ಲಾಸಿನಲ್ಲಿ ಇರುವ ಯಂತ್ರ ಬಿಚ್ಚಲಿಕ್ಕೆಂದೇ ಇಟ್ಟದ್ದು ಬಾಯೆ. ಅದು ಸತ್ತರೆ ಯಾರೂ ಅಳುದಿಲ್ಲ. ಒಬ್ಬರು ದಿನಾ ಕೆಲಸ ಮಾಡುವ ಯಂತ್ರ ಬಿಚ್ಚಿ, ಜೋಡಿಸಿ, ಅದು ಎದ್ದು ಕೂತರೆ ನಾನು ಇಲ್ಲಿ ಅಂಗಡಿ ಹಾಕ್ತೇನೆ. ಏಳದಿದ್ರೆ ದೋಹಾ. ಹಾಗೆ ಮನಸ್ಸಿನಲ್ಲಿ ಮಾಡಿದ್ದೇನೆ. ಬೇರೆ ಯಾರೂ ನನಗೆ ಯಂತ್ರ ಕೊಡುದಿಲ್ಲ.”

ಹೀಗೆ ನನ್ನ ಪ್ರಶ್ನೆಯ ತೂಕ ಹೆಚ್ಚಾಯಿತು. ತಮ್ಮ ಎಂಬ ಕಾರಣಕ್ಕೆ ಕೊಡುವುದು ಪಕ್ಷಪಾತ. ತಮ್ಮ ಎಂಬ ಕಾರಣಕ್ಕೆ ಕೊಡದಿರುವುದೂ ಪಕ್ಷಪಾತವೇ. ಪತ್ರಿಕೆಯಲ್ಲಿ ಇಂಥ ಹೊತ್ತಿಗೆ ಒಂದು ಕ್ರಮವಿದೆ. ಸಂಬಂಧವಿಲ್ಲದ ಇಬ್ಬರನ್ನು ಕೇಳಬೇಕು, ಬೇರೆ ಬೇರೆ ಕಡೆ.

ಬುಧವಾರ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಮಣಿಪಾಲದ ಒಂದು ದೊಡ್ಡ ಅಂಗಡಿಗೆ ಹೋದೆ. ಅಂಗಡಿಯ ಮಾಲೀಕ ಯುವಕ. ತಾಳ್ಮೆಯಿಂದ ಗುಂಡಿ ಒತ್ತಿ ಚುಕ್ಕೆಗಳನ್ನು ನೋಡಿದ. ಚಹಾ ತರಿಸಿದ. ನಾವಿಬ್ಬರೂ ಚಹಾ ಕುಡಿದು ಮುಗಿಸಿದರೂ ಚುಕ್ಕೆಗಳು ಮುಗಿಯಲಿಲ್ಲ.

“ಹಾಕ್ಬಹುದು ಮೇಡಂ,” ಎಂದ. “ಹೊಸತರ ಮೂರರಲ್ಲಿ ಒಂದು ಪಾಲು ಖರ್ಚು ಬರ್ತದೆ. ಆದರೆ ಒಳಗಿನ ಬೋರ್ಡು ಹಳತೇ ಅಲ್ವಾ? ಮುಂದೆ ಬರುವ ಹೊಸ ಸಿಸ್ಟಮ್ ಇದಕ್ಕೆ ಹಿಡಿಸುದಿಲ್ಲ. ಮುದುಕರಿಗೆ ಹಲ್ಲು ಕಟ್ಟಿಸಿದ್ರೆ ಚಕ್ಕುಲಿ ತಿನ್ಬಹುದು, ಓಟಕ್ಕೆ ಬಿಡ್ಲಿಕ್ಕೆ ಆಗುದಿಲ್ಲ.”

“ನನಗೆ ಚಕ್ಕುಲಿ ಸಾಕು.”

“ಬರೆಯುದು ಮಾತ್ರವಾ? ವಿಡಿಯೊ ಎಲ್ಲ ಇಲ್ಲ?”

“ಬರೆಯುದು, ತಿದ್ದುದು.”

“ಹಾಗಾದ್ರೆ ಹೊಸತು ಬೇಡ ಮೇಡಂ. ನಿಮ್ಮ ಕೆಲಸಕ್ಕೆ ಇನ್ನು ಮೂರ್ನಾಲ್ಕು ವರ್ಷ ಇದು ಸಾಕು.”

ಅವನ ಹಿಂದೆ ಗೋಡೆಯುದ್ದಕ್ಕೂ ಹೊಸ ಲ್ಯಾಪ್‌ಟಾಪುಗಳು ಬಾಯಿ ತೆರೆದು ಕೂತಿದ್ದವು. ಅವುಗಳಲ್ಲಿ ಒಂದನ್ನು ಮಾರುವ ಅವಕಾಶವನ್ನು ಅವನು ಬೇಡ ಎಂದ. ನನಗೆ ಆ ಯುವಕ ಇಷ್ಟವಾದ. ಕೀಬೋರ್ಡ್ ಬದಲಿಸಬಹುದೇ ಎಂದು ಕೇಳಿದೆ. ಆಗ ಮಾತ್ರ ತಲೆಯಾಡಿಸಿದ.

“ಗಲ್ಫ್ ಪೀಸ್ ಅಲ್ವಾ ಇದು? ಅದಕ್ಕೆ ನಾವು ಕೈ ಹಾಕುದಿಲ್ಲ. ಕೀಬೋರ್ಡ್ ಬೇರೆ, ಚಾರ್ಜರ್ ಬೇರೆ. ಕೆಲವು ಕಂಪೆನಿಯದ್ದು ಒಳಗಿನ ಸಾಮಾನು ಕೂಡ ಬೇರೆ. ತುಂಬ ಜನ ತರ್ತಾರೆ ಮೇಡಂ, ವಾಪಸ್ ಕಳಿಸುದು ನಾವು.”

ಮೊದಲನೆಯ ಅಭಿಪ್ರಾಯ ದಾಖಲಾಯಿತು. ಎರಡನೆಯದಕ್ಕೆ ಉಡುಪಿಯಲ್ಲಿ ಬಸ್ಸು ಬದಲಿಸಿ ಮಲ್ಪೆಗೆ ಹೊರಟೆ. ಮಲ್ಪೆಯಲ್ಲಿ ಲ್ಯಾಪ್‌ಟಾಪಿನ ಬಗ್ಗೆ ಯಾರನ್ನು ಕೇಳುವುದು ಎಂದು ನೀವು ಕೇಳಬಹುದು. ಹಳೆಯದಕ್ಕೆ ಖರ್ಚು ಮಾಡುವುದೋ ಹೊಸದನ್ನು ಕೊಳ್ಳುವುದೋ ಎಂಬ ಪ್ರಶ್ನೆಯನ್ನು ಪ್ರತಿ ಮಳೆಗಾಲ ಎದುರಿಸುವ ಜನ ಅಲ್ಲಿದ್ದಾರೆ.

ಬಸ್ಸು ಆದಿ ಉಡುಪಿಯಲ್ಲಿ ನಿಂತಾಗ ಕಂಡಕ್ಟರನ ಎಡಗೈ ನೋಡಿದೆ. ಅಲ್ಲಿ ಕವರುಗಳಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಸುದ್ದಿ ಹೋಗುತ್ತಿದ್ದದ್ದು ಆ ಎಡಗೈಯಲ್ಲಿ. ಕಾಪುವಿನಲ್ಲಿ ವರದಿ ಬರೆದು, ಕವರಿಗೆ ಹಾಕಿ, ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನಿಗೆ ಕೊಟ್ಟರೆ ಉಡುಪಿಯಲ್ಲಿ ಕಚೇರಿಯವರು ಇಳಿಸಿಕೊಳ್ಳುತ್ತಿದ್ದರು. ಒಬ್ಬ ಕಂಡಕ್ಟರ್ ದಾರಿಯಲ್ಲಿ ಕವರು ಬಿಚ್ಚಿ ಓದುತ್ತಿದ್ದ. ಮರುದಿನ ನನ್ನನ್ನು ಕಂಡು, “ನಿನ್ನೆಯದ್ದು ಉದ್ದ ಆಯ್ತು ಅಕ್ಕ, ಕಟಪಾಡಿ ದಾಟಿದ್ರೂ ಮುಗೀಲಿಲ್ಲ,” ಎನ್ನುತ್ತಿದ್ದ. ಬರಹ ಕಟಪಾಡಿಯೊಳಗೆ ಮುಗಿಯಬೇಕು ಎಂಬ ಪಾಠವನ್ನು ನಾನು ಅವನಿಂದಲೇ ಕಲಿತದ್ದು. ಇವತ್ತು ಅದನ್ನು ಪಾಲಿಸುತ್ತಿಲ್ಲ ಎಂದು ಗೊತ್ತಿದೆ.

ಮಲ್ಪೆಯಲ್ಲಿ ಮೀನುಗಾರಿಕೆಗೆ ಮಳೆಗಾಲದ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಶೆಡ್ಡಿನಡಿ ಬಲೆ ಹರಡಿ ಕೂತವರ ನಡುವೆ ಸುಧಾಕರಣ್ಣ ಇದ್ದರು. ನಾನು ಬಂದರಿನ ಸುದ್ದಿಗೆ ಹೋಗುತ್ತಿದ್ದ ಕಾಲದಿಂದ ಪರಿಚಯ, ನನ್ನನ್ನು ಬಾಯಮ್ಮ ಎಂದೇ ಕರೆಯುವುದು. ಅವರದ್ದು ಒಂದು ಮರದ ಬೋಟು. ಜೊತೆಯವರು ಉಕ್ಕಿನದ್ದಕ್ಕೆ ಹೋದರೂ ಅವರು ಅದನ್ನೇ ಇಟ್ಟುಕೊಂಡಿದ್ದಾರೆ. ಎಂಜಿನು ಬದಲಾಗಿದೆ, ಬೋಟು ಅದೇ.

ನಾನು ವಿಷಯ ಹೇಳಿದೆ. ಅವರು ಬಲೆಯ ಸೂಜಿ ಬಾಯಲ್ಲಿ ಕಚ್ಚಿಕೊಂಡು ಕೇಳಿದರು. ಆಮೇಲೆ ಚೀಲದಿಂದ ಲ್ಯಾಪ್‌ಟಾಪ್ ತೆಗೆಸಿ, ಬೆರಳ ಗಂಟಿನಿಂದ ಮುಚ್ಚಳವನ್ನು ಎರಡು ಸಲ ತಟ್ಟಿದರು. ಬೋಟಿನ ಹಲಗೆಗೆ ತಟ್ಟುವ ಹಾಗೆಯೇ.

“ಬಾಯಮ್ಮ, ಎಂಜಿನು ಯಾವಾಗ ಬೇಕಾದ್ರೂ ಹೊಸತು ಹಾಕ್ಬಹುದು. ಮರ ಉಂಟಾ ನೋಡುದು ಮೊದಲು. ಇದರ ಮರ ಹೇಗುಂಟು?”

“ಪರದೆ ಸರಿ ಉಂಟು. ಕೀಲಿ ಸರಿ ಉಂಟು. ಮುಚ್ಚಳದ ಸಂದು ಗಟ್ಟಿ ಉಂಟು.”

“ಮತ್ತೆಂತಕ್ಕೆ ಕೇಳುದು? ಹಾಕಿಸಿ.” ಮತ್ತೆ ಸೂಜಿ ಕೈಗೆ ತೆಗೆದುಕೊಂಡವರು ನಿಲ್ಲಿಸಿದರು. “ಯಾರು ಹಾಕುದು?”

“ತಮ್ಮ. ಈಗ ಕಲೀತಾ ಇದ್ದಾನೆ. ಇದೇ ಮೊದಲನೆಯದ್ದು.”

ಸುಧಾಕರಣ್ಣ ಬಂದರಿನ ಕಡೆ ನೋಡಿದರು. “ನನ್ನ ಬೋಟಿಗೆ ಎಂಜಿನು ಕೂರಿಸಿದವನಿಗೂ ಅದು ಮೊದಲನೆಯದ್ದು. ನನಗೆ ಹೇಳಿರ್ಲಿಲ್ಲ. ಹೇಳಿದ್ರೆ ಕೊಡ್ತಿರ್ಲಿಲ್ಲ.”

“ಆಮೇಲೆ ಗೊತ್ತಾದಾಗ?”

“ಆಮೇಲೆಂತ? ಬೋಟು ಅಲ್ಲಿ ಉಂಟಲ್ಲ, ನೋಡಿ.”

ನೋಡಿದೆ. ನೀಲಿ ಬಣ್ಣ ಹೊಸದಾಗಿ ಬಳಿದ ಬೋಟು ನೀರಿನ ಮೇಲೆ ಮೆಲ್ಲಗೆ ಏರಿ ಇಳಿಯುತ್ತಿತ್ತು. “ಆದರೆ ಬಾಯಮ್ಮ,” ಎಂದರು ಅವರು, “ನಿಮ್ಮ ತಮ್ಮ ಮೊದಲೇ ಹೇಳಿದ್ದಾರೆ. ಅದು ಆ ಎಂಜಿನು ಕೂರಿಸಿದವನಿಗಿಂತ ಒಂದು ಕೈ ಮೇಲೆ.”

ಗುರುವಾರ ಆಲ್ವಿನ್‌ಗೆ ಫೋನು ಮಾಡಿ, ಕೊಡುತ್ತೇನೆ ಎಂದೆ. ಲ್ಯಾಪ್‌ಟಾಪಿನಲ್ಲಿದ್ದ ನನ್ನ ಬರಹಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿದೆ. ನಂಬಿಕೆ ಇಲ್ಲದ್ದಕ್ಕಲ್ಲ, ನಕಲಿಲ್ಲದ ಪ್ರತಿಯನ್ನು ಯಾರ ಕೈಗೂ ಕೊಡಬಾರದು ಎಂಬುದು ಕಚೇರಿಯ ಅಭ್ಯಾಸ. ಆದರೂ ಶನಿವಾರ ಬೆಳಿಗ್ಗೆ ಆಲ್ವಿನ್ ಬಂದಾಗ ಆ ಡಿಸ್ಕು ಮೇಜಿನ ಮೇಲೆಯೇ ಇತ್ತು. ಅವನು ಅದನ್ನು ನೋಡಿದ. ನಾನು ಅವನು ನೋಡಿದ್ದನ್ನು ನೋಡಿದೆ.

“ನಕಲು ತೆಗೆದೆಯಾ?”

“ಹೂಂ.”

“ಒಳ್ಳೆದಾಯ್ತು. ನಾನೇ ಹೇಳ್ಬೇಕೂಂತಿದ್ದೆ. ಹೇಗೆ ಹೇಳುದೂಂತ ಬಸ್ಸಿನಲ್ಲಿ ಯೋಚನೆ ಮಾಡ್ತಾ ಬಂದೆ.”

ಅವನು ಜಗಲಿಯ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿದ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿದ. “ಬಾಯೆ, ಅಮ್ಮನ ಗುಳಿಯಪ್ಪದ ಕಾವಲಿ ಉಂಟಾ?” ಎಂದು ಕೇಳಿದ.

“ಈಗ ಗುಳಿಯಪ್ಪವಾ?”

“ತಾ, ಹೇಳ್ತೇನೆ.”

ತಂದುಕೊಟ್ಟೆ. ಅವನು ಒಂದೊಂದು ಸ್ಕ್ರೂ ಬಿಚ್ಚಿದಂತೆ ಒಂದೊಂದು ಗುಳಿಗೆ ಹಾಕುತ್ತ ಹೋದ. ತಳದವು ಹೊರಸಾಲಿನ ಗುಳಿಗಳಿಗೆ, ಫ್ಯಾನಿನವು ಒಳಸಾಲಿಗೆ, ಡಿಸ್ಕಿನವು ನಡುವಿನ ಗುಳಿಗೆ. ಅಮ್ಮ ಎಷ್ಟೋ ಸಂಜೆ ಹಿಟ್ಟು ಹೊಯ್ದ ಗುಳಿಗಳಲ್ಲಿ ಸಾಸಿವೆಯಷ್ಟು ಚಿಕ್ಕ ಸ್ಕ್ರೂಗಳು ಮಿನುಗಿದವು. ಏಸಿಯ ತಾಮ್ರದ ಕೊಳವೆ ಬಗ್ಗಿಸಿ ಬಗ್ಗಿಸಿ ದಪ್ಪವಾದ ಬೆರಳುಗಳು ಅವನವು. ಅಂಥ ಬೆರಳುಗಳು ಕೂದಲಿನಂಥ ವಯರುಗಳ ನಡುವೆ ಅಷ್ಟು ಮೆಲ್ಲಗೆ ಹೋಗಿ ಬರುವುದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಹೊರಗೆ ಮಳೆ ಬಂತು, ಹೋಯಿತು. ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

ಫ್ಯಾನಿನ ಹತ್ತಿರ ಒಂದು ಹಿಡಿ ಸತ್ತ ಇರುವೆಗಳು ಸಿಕ್ಕಿದವು.

“ಇವೆಂತ, ನಿನ್ನ ಅಂಕಣ ಓದ್ಲಿಕ್ಕೆ ಬಂದವಾ?”

“ಬಿಸ್ಕಿಟಿನ ಪುಡಿಗೆ ಬಂದವು.”

“ಅಲ್ಲ ಅಲ್ಲ, ಓದಿಯೇ ಸತ್ತದ್ದು.”

ಊಟದ ಹೊತ್ತಿಗೆ ಹೊಸ ಭಾಗಗಳು ಒಳಗೆ ಕೂತು, ತಳ ಮುಚ್ಚಿತು. ನಾನು ಮೀನು ಹುರಿಯುತ್ತಿದ್ದೆ. ಆಗ ಜಗಲಿಯಿಂದ ಅವನ ದನಿ ಬಂತು: “ಬಾಯೆ, ಒಂದು ಉಳಿಯಿತು.”

ಹೋಗಿ ನೋಡಿದೆ. ಕಾವಲಿಯ ನಡುವಿನ ಗುಳಿಯಲ್ಲಿ ಒಂದೇ ಒಂದು ಸ್ಕ್ರೂ. ಅದು ಇಲ್ಲದೆಯೂ ಎಲ್ಲ ಗಟ್ಟಿಯಾಗಿತ್ತು. ನಾನು ಒಳಗಿದ್ದೆ, ಅದನ್ನು ಜೇಬಿಗೆ ಹಾಕಿಕೊಂಡಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ.

“ಒಂದೇ ಅಲ್ಲವಾ,” ಎಂದೆ.

“ಒಂದೇ. ಆದರೆ ಅದಕ್ಕೆ ಒಂದು ಜಾಗ ಉಂಟಲ್ಲ,” ಎಂದ. ಮೊದಲಿನಿಂದ ಎಲ್ಲವನ್ನೂ ಬಿಚ್ಚಲು ಶುರು ಮಾಡಿದ.

ಅರ್ಧ ಬಿಚ್ಚಿದಾಗ ಅವನ ಫೋನು ಬಡಿಯಿತು. ಪರದೆಯ ಮೇಲೆ ಮುಂಬಯಿಯ ಏಜೆಂಟಿನ ಹೆಸರು. ಅವನು ಅದನ್ನು ನೋಡಿದ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದ. ಫೋನು ಬಡಿದು ಬಡಿದು ನಿಂತಿತು. ಒಂದು ನಿಮಿಷ ಬಿಟ್ಟು ಮತ್ತೆ ಬಡಿಯಿತು. “ತೆಗಿ,” ಎಂದೆ. “ಈಗ ಕೈ ಖಾಲಿ ಇಲ್ಲ,” ಎಂದ. ಮೀನು ತಣ್ಣಗಾಯಿತು. ನಾವಿಬ್ಬರೂ ಉಣ್ಣಲಿಲ್ಲ.

ಸ್ಕ್ರೂವಿನ ಜಾಗ ಸಿಕ್ಕಿತು: ಹೊಸ ಡಿಸ್ಕಿನ ಒಂದು ಮೂಲೆ. ಅದು ಇಲ್ಲದಿದ್ದರೆ ದಿನ ಕಳೆದಂತೆ ಡಿಸ್ಕು ಅಲುಗಿ ಸಡಿಲವಾಗುತ್ತಿತ್ತು ಎಂದು ಆಲ್ವಿನ್ ಹೇಳಿದ. ಬಿಗಿದ. ತಳ ಮುಚ್ಚಿದ. ಕಾವಲಿಯನ್ನು ಬೆಳಕಿಗೆ ಹಿಡಿದು, ಎಲ್ಲ ಗುಳಿಗಳೂ ಖಾಲಿ ಎಂದು ನನಗೂ ತೋರಿಸಿದ. ಹಿಂದೊಮ್ಮೆ ತಾನೇ ಗೋಡೆಗೆ ಕೂರಿಸಿದ ಬೋರ್ಡಿಗೆ ಚೌಕ ಪಿನ್ನು ಸಿಕ್ಕಿಸಿದ. ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ, ನನ್ನನ್ನು ನೋಡಿದ.

“ನೀನು ಒತ್ತು ಬಾಯೆ.”

ಒತ್ತಿದೆ. ಪರದೆ ಕಪ್ಪಾಗಿಯೇ ಇತ್ತು. ಅವನ ಮುಖ ನೋಡಬಾರದೆಂದು ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಗ್ಯಾಸಿನ ಕಿವಿ ತಿರುಗಿಸಿದ್ದೆ ಅಷ್ಟೆ, ಹೊರಗಿನಿಂದ ಯಂತ್ರ ಎಚ್ಚರಾಗುವ ಆ ಸಣ್ಣ ಸದ್ದು ಕೇಳಿತು. ಎಷ್ಟೋ ವರ್ಷಗಳಲ್ಲಿ ನೀರು ಬಿಸಿಯಾಗುವ ಮೊದಲು ಆ ಸದ್ದು ಕೇಳಿದ್ದು ಇದೇ ಮೊದಲು. ಹೊರಗೆ ಬಂದಾಗ ಚುಕ್ಕೆಗಳಿರಲಿಲ್ಲ. ಪರದೆ ಬೆಳಗಿ ಕಾಯುತ್ತಿತ್ತು. ಆಲ್ವಿನ್ ಎರಡು ಕನ್ನಡಕಗಳನ್ನೂ ತೆಗೆದು ಬೆಡ್‌ಶೀಟಿನ ಅಂಚಿನಿಂದ ಒರೆಸುತ್ತಿದ್ದ. ಎರಡೂ ಆಗಲೇ ಸ್ವಚ್ಛವಾಗಿದ್ದವು.

“ಆಯ್ತಲ್ಲ,” ಎಂದೆ.

“ಆಗ್ಲಿಲ್ಲ. ಎರಡು ವಾರ ಬರಿ. ಆಮೇಲೆ ಹೇಳು.”

ಎರಡು ವಾರ ಬರೆದೆ. ಎರಡು ಅಂಕಣ, ಎಲ್ಲೂರು ಕಡೆಯ ಒಂದು ಯುವಕ ಮಂಡಲದ ಸ್ಮರಣ ಸಂಚಿಕೆ ಪೂರ್ತಿ. ಸಂಚಿಕೆಯಲ್ಲಿ ಎಲ್ಲ ಲೇಖನಗಳೂ “ಅಂದಿನ ಆ ದಿನಗಳು” ಎಂದೇ ಶುರುವಾಗಿದ್ದವು. ಅದು ಯಂತ್ರದ ದೋಷವಲ್ಲ. ಫೋನಿನಲ್ಲಿ ವರದಿ ಒಪ್ಪಿಸಿದೆ: ಯಂತ್ರ ಬೇಗ ಏಳುತ್ತದೆ, ಬಿಸಿಯಾಗುವುದಿಲ್ಲ, ನಡುವೆ ನಿಂತದ್ದಿಲ್ಲ, ಮುಚ್ಚಳ ಎತ್ತುವಾಗ ಒಂದು ಕಡೆ ಸ್ವಲ್ಪ ಕಿರ್ ಎನ್ನುತ್ತದೆ. ಅವನು ಹೊಗಳಿಕೆಯನ್ನೆಲ್ಲ ಬಿಟ್ಟು, “ಎಡಕ್ಕಾ ಬಲಕ್ಕಾ?” ಎಂದು ಕೇಳಿದ. ಎಡಕ್ಕೆ ಎಂದೆ. ಮರುದಿನವೇ ಬಂದು ಎಡಬದಿಯ ಸಂದಿಗೆ ಒಂದು ಹನಿ ಎಣ್ಣೆ ಬಿಟ್ಟು ಹೋದ.

ಕಾರ್ಕಳದಿಂದ ಕಾಪುವಿಗೆ ಬಸ್ಸು ಹಿಡಿದು ಹೋಗಿ ಬರಲು ಅರ್ಧ ದಿನ ಬೇಕು. ಒಂದು ಹನಿ ಎಣ್ಣೆಗೆ.

ಆ ದಿನ ಅವನು ಹೊರಡುವಾಗ ಜಮೀಲಾ ಬೇಲಿಯ ಬಳಿ ನಿಂತಿದ್ದಳು. ದುಬೈಯಲ್ಲಿರುವ ಅವಳ ಗಂಡ ಕೊಟ್ಟುಹೋದ ಲ್ಯಾಪ್‌ಟಾಪ್ ಅವಳ ಕೈಯಲ್ಲಿ, ಮಗುವಿನ ಟವಲಿನಲ್ಲಿ ಸುತ್ತಿದ್ದು.

“ಆಲ್ವಿನಣ್ಣ, ಇದನ್ನು ಮಣಿಪಾಲದಲ್ಲಿ ವಾಪಸ್ ಕೊಟ್ಟರು. ಗಲ್ಫಿನದ್ದು ಆಗುದಿಲ್ಲಾಂತ. ನೀವು ನೋಡ್ತೀರಾ?”

ಆಲ್ವಿನ್ ಟವಲು ಬಿಚ್ಚಿ ನೋಡಿದ. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಇನ್ನೂ ಇತ್ತು. “ನಾನು ಕಲೀತಾ ಇರುದು ಜಮೀಲಾ. ಇದು ಎರಡನೆಯದ್ದು.”

“ಮೊದಲನೆಯದ್ದು ಅಕ್ಕನದ್ದಾ?”

“ಹೌದು.”

“ಅಕ್ಕ ಕೊಟ್ಟಿದ್ದಾರಲ್ಲ. ಅವರು ಯಾರನ್ನೂ ಸುಮ್ಮನೆ ನಂಬುದಿಲ್ಲ. ನನ್ನ ಹತ್ರ ಸಕ್ಕರೆ ತೆಗೊಂಡ್ರೂ ಮೂಸಿ ನೋಡ್ತಾರೆ.”

ಇದು ನಿಜವಲ್ಲ. ಒಮ್ಮೆ ಮಾತ್ರ ನೋಡಿದ್ದೆ, ಅದೂ ಉಪ್ಪಿನ ಡಬ್ಬದಲ್ಲಿ ಕೊಟ್ಟದ್ದಕ್ಕೆ. ಆದರೆ ತಿದ್ದುಪಡಿ ಪ್ರಕಟಿಸುವ ಸಮಯ ಅದಾಗಿರಲಿಲ್ಲ.

ಜಮೀಲಾಳದ್ದು ಸರಿಯಾಗಲು ಹತ್ತು ದಿನ ಹಿಡಿಯಿತು. ನಡುವೆ ಒಂದು ದಿನ ಆಲ್ವಿನ್ ಅದನ್ನು ಮಣಿಪಾಲದ ತರಗತಿಗೆ ಒಯ್ದು, ಕೈಯೆತ್ತಿ, ತನಗೆ ತಿಳಿಯದ್ದನ್ನು ಕೇಳಿ ಬಂದ. ಅದಕ್ಕೆ ಬೇಕಾಗಿದ್ದ ಅರಬ್ಬಿ ಅಕ್ಷರದ ಕೀಬೋರ್ಡನ್ನು ಕುವೈತಿನ ಹಳೆಯ ಜೊತೆಗಾರನೊಬ್ಬ ರಜೆಯಲ್ಲಿ ಬರುವವರ ಕೈಯಲ್ಲಿ ಕಳಿಸಿಕೊಟ್ಟ. ಜಮೀಲಾ ತನ್ನ ನಾದಿನಿಗೆ ಹೇಳಿದಳು. ನಾದಿನಿ ಪಡುಬಿದ್ರಿಯ ತನ್ನ ಮನೆಯ ಓಣಿಗೆಲ್ಲ ಹೇಳಿದಳು. ಆಲ್ವಿನ್ ಒಯ್ದಿದ್ದ ಗುಳಿಯಪ್ಪದ ಕಾವಲಿಯನ್ನು ವಾಪಸು ಕೇಳುವುದನ್ನು ನಾನು ಬಿಟ್ಟೆ.

ಜುಲೈ ಮುಗಿಯಿತು. ಪಾಸ್‌ಪೋರ್ಟ್ ಕಾರ್ಕಳದ ಮನೆಯ ಕಪಾಟಿನಲ್ಲಿದೆ ಎಂದು ಜಸಿಂತಾ ಫೋನಿನಲ್ಲಿ ತಿಳಿಸಿದಳು. ಅಡುಗೆ ಈಗ ಮೊದಲಿನ ಹಾಗೆ ಎಂದೂ ಹೇಳಿದಳು. ಮೊನ್ನೆ ಕಾಪು ಪೇಟೆಯಲ್ಲಿ ಯಾರೋ ಆಲ್ವಿನನ್ನು ನಿಲ್ಲಿಸಿ ಯಾವಾಗ ಬಂದದ್ದು, ಯಾವಾಗ ಹೋಗುದು ಎಂದು ಕೇಳಿದರು, ನಾನು ಪಕ್ಕದಲ್ಲಿದ್ದೆ. “ಬೆಳಿಗ್ಗೆ ಬಂದದ್ದು, ಸಂಜೆ ಬಸ್ಸಿಗೆ ಹೋಗುದು. ಕಾರ್ಕಳಕ್ಕೆ,” ಎಂದ.

ರಿಪೇರಿಗೆ ಬರುವ ಗಲ್ಫ್ ಲ್ಯಾಪ್‌ಟಾಪುಗಳಿಗೆಂದು ನಿನ್ನೆ ಅವನು ನನ್ನ ಜಗಲಿಯ ಗೋಡೆಗೆ ಎರಡನೆಯ ಚೌಕ ಪಿನ್ನಿನ ಬೋರ್ಡು ಕೂರಿಸಿದ.